ಪುಸ್ತಕದಲ್ಲಿ ಬರೆದ ಕಣಿವೆ

ಸಾಸ್‌ನೈರಾ ಪರ್ವತ ಬಿಡಾರ
ಮಾರ್ಚ್ 9, ಮಧ್ಯಾಹ್ನ

ಕುರ್ದಿನ್,

'ಪ್ರೀತಿಯ' ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಸದ್ಯಕ್ಕೆ ಬರೀ ಹೆಸರೇ ಇರಲಿ.

ನಿನ್ನ ಕಾಗದ ನಿನ್ನೆ ಹಿಟ್ಟಿನ ಚೀಲ, ಚೀಸಿನ ದುಂಡು ಗಡ್ಡೆಗಳ ಜೊತೆ ಮೇಲೆ ಬಂತು. ಎಡಗೈಯಲ್ಲಿ ಬರೆದಿದ್ದೀಯ, ಒಂದೊಂದು ಅಕ್ಷರವೂ ಕುಡಿದವನ ಹಾಗೆ ಓಲಾಡುತ್ತಿದೆ. ಮೊದಲ ಸಲ ಓದಿದಾಗ ಅತ್ತೆ. ಎರಡನೇ ಸಲ ಓದಿದಾಗ ನೀನು ಏನು ಕೇಳುತ್ತಿದ್ದೀಯ ಎಂಬುದು ತಲೆಗೆ ಹೋಯಿತು, ಮೈಯೆಲ್ಲ ಉರಿದುಹೋಯಿತು. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯುತ್ತಿದ್ದರೂ ಏಳಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು 'ಅಕ್ಕಾ' ಎಂದು ರಾಗ ಎಳೆದರೆ ಸಾಕು, ನನ್ನ ಸಿಟ್ಟು ಇಳಿದುಹೋಗುತ್ತದೆ. ಚಿಕ್ಕಂದಿನಿಂದ ಅದೊಂದನ್ನು ಚೆನ್ನಾಗಿ ಕಲಿತಿದ್ದೀಯ. ಈ ಸಲ ನನ್ನ ಸಿಟ್ಟು ಇಳಿಯುವುದು ನನಗೇ ಬೇಕಾಗಿಲ್ಲ. ಅದಕ್ಕೇ ಕಾಗದ.

ಬಿಡಾರದ ಪುಸ್ತಕದ ಫೆಬ್ರವರಿ ಹದಿನಾರನೇ ತಾರೀಕಿನ ಪುಟದಲ್ಲಿರುವ ಬರಹ ನಿನ್ನದೇ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿಕೆ ಕೊಟ್ಟಿದ್ದೀಯಂತೆ. ಸೋಮವಾರ ಕೂರ್‌ನಿಂದ ಸರ್ಕಾರಿ ವಕೀಲೆ ಮೇಲೆ ಬಂದಾಗ ನಾನೂ 'ಹೌದು, ಇದು ನನ್ನ ತಮ್ಮನ ಕೈ' ಎಂದು ಸಹಿ ಹಾಕಿಬಿಡಬೇಕಂತೆ. 'ನನ್ನ ಬಿಲ್ಲೆ ಹೇಗೂ ಹೋಯ್ತು ಅಕ್ಕ, ನಿನ್ನ ಬಿಡಾರ ಆದ್ರೂ ಉಳೀಲಿ' ಎಂದು ಬರೆದಿದ್ದೀಯ. ಎಷ್ಟು ಧಾರಾಳ ನೋಡು! ಮಾರ್ಗದರ್ಶಿಯ ಬಿಲ್ಲೆಯನ್ನು ಎದೆಯ ಮೇಲಿಂದ ಕಿತ್ತು ಅಕ್ಕನ ಮಡಿಲಿಗೆ ಹಾಕುವ ತಮ್ಮ ಯಾರಿಗೆ ಸಿಗುತ್ತಾನೆ?

ಅದು ಯಾರ ಕೈ ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಪಾಲಿನದು ಮುಗಿಸೋಣ.

ಹದಿನೈದನೇ ತಾರೀಕು ನಾನು ಬಿಡಾರದ ಹಿಂದಿನ ನೆರಳು ಇಳಿಜಾರಿನಲ್ಲಿ ಹಿಮ ಪರೀಕ್ಷಿಸಲು ಗುಂಡಿ ತೋಡಿದ್ದು ನಿನಗೆ ಗೊತ್ತು. ನೀನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಇಪ್ಪತ್ತಮೂರು ಚಳಿಗಾಲ ಹದಿನೈದು ದಿನಕ್ಕೊಮ್ಮೆ ತೋಡಿದ್ದೇನೆ, ಪದರ ಪದರ ಅಳೆದು ದಾವೋಸಿನ ಹಿಮ ಸಂಸ್ಥೆಗೆ ಲೆಕ್ಕ ಕಳಿಸಿದ್ದೇನೆ. ಮೇಲೆ ಎರಡು ಗೇಣು ಗಾಳಿ ಒತ್ತಿ ಕೂರಿಸಿದ ಹಿಮ, ಗಟ್ಟಿ ಹಲಗೆ. ಅದರ ಅಡಿಯಲ್ಲಿ ಜನವರಿಯ ಚಳಿಗೆ ಹರಳುಗಟ್ಟಿದ ಹಳೇ ಹಿಮ, ಥೇಟು ಸಕ್ಕರೆ. ಉಂಡೆ ಕಟ್ಟಲು ನೋಡಿದೆ, ಬೆರಳ ಸಂದಿಯಿಂದ ಸುರಿದುಹೋಯಿತು. ಸಲಿಕೆಯ ತಲೆಯನ್ನು ಮೇಲಿಟ್ಟು ಕೈಯಿಂದ ತಟ್ಟಿದೆ. ಹನ್ನೊಂದನೇ ಏಟಿಗೆ ಹಲಗೆ ಪೂರ್ತಿ ಜಾರಿ ನನ್ನ ಮೊಣಕಾಲಿಗೆ ಬಡಿಯಿತು. ವಾಪಸು ಬರುವಾಗ ಕಾಲಡಿ 'ಧುಮ್' ಎಂದು ನೆಲವೇ ಕುಸಿದಂಥ ಸದ್ದು. ಆ ಸದ್ದು ಕೇಳಿದ ಮೇಲೂ ನೆರಳು ಇಳಿಜಾರಿಗೆ ಹೋಗುವವನು ಮೂರ್ಖ ಎಂದು ನನಗೆ ಕಲಿಸಿದವನು ನೀನೇ, ಬಿಲ್ಲೆ ಸಿಕ್ಕ ಹೊಸತರಲ್ಲಿ.

ಸಂಜೆ ಐದಕ್ಕೆ ಹಿಮಕುಸಿತದ ಎಚ್ಚರಿಕೆ ವರದಿ ಬಂತು. ಅಪಾಯ ಐದರಲ್ಲಿ ಮೂರನೇ ಮಟ್ಟ. ಎರಡು ಸಾವಿರದ ಇನ್ನೂರು ಮೀಟರಿನ ಮೇಲೆ, ನೆರಳಿನ ಕಡಿದಾದ ಇಳಿಜಾರು, ಒಬ್ಬನೇ ಒಬ್ಬನ ಭಾರಕ್ಕೂ ಜಾರಬಹುದು. ಬೆಟ್ಟದ ನೆರಳು ಬದಿಯ ಸುಂಬ್ರೀವಾದ ಹೆಸರು ಹಾಕಿ ಬರೆದಿರಲಿಲ್ಲ ಅಷ್ಟೇ. ನಾನು ಅದನ್ನು ಬಾಗಿಲಿಗೆ ಅಂಟಿಸಿದ್ದಲ್ಲದೆ ಊಟದ ಮೇಜಿನಲ್ಲಿ ಓದಿಯೂ ಹೇಳಿದೆ. ಆಗ ನೀನು ಆಡಿದ ಮಾತು ಒಂದೊಂದೂ ನೆನಪಿದೆ.

'ಮೂರು ತಾನೇ ಅಕ್ಕ? ಶಾಲೇಲಿ ನಂಗೆ ಯಾವಾಗ್ಲೂ ಮೂರೇ ಬರ್ತಿತ್ತು. ಸತ್ತೋದ್ನಾ?'

ನಿನ್ನ ಭಾವ ಸೂಪು ನೆತ್ತಿಗೇರುವಷ್ಟು ನಕ್ಕ. ನನಗೂ ನಗು ಬಂದಿತ್ತು, ತಡೆದುಕೊಂಡೆ. 'ಐದನೇ ಮಟ್ಟದಲ್ಲಿ ಯಾರೂ ಹೊಸ್ಲು ದಾಟಲ್ಲ ಕಣೋ, ಅದಕ್ಕೆ ಯಾರೂ ಸಾಯಲ್ಲ. ನಿನ್ನಂಥವ್ರು ಸಾಯೋದು ಮೂರರಲ್ಲೇ' ಎಂದೆ. ನೀನು ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸುತ್ತ, 'ಬಾಸೆಲ್‌ನವ್ರು ನಾಲ್ಕು ಜನ ನಾಳೆ ಮಧ್ಯಾಹ್ನ ಬರ್ತಾರೆ. ಯಾರೂ ತುಳೀದಿರೋ ಹಿಮ ಬೇಕಂತೆ ಅವ್ರಿಗೆ. ಬಿಸಿಲು ಬದಿ ಸುಲಾಯ್ ಕಡೆ ಉತ್ತ ಹೊಲ ಆಗ್ಹೋಗಿದೆ, ಬರೀ ಸ್ಕೀ ಗೆರೆ' ಎಂದೆ. 'ಗೆರೆ ಇದ್ರೆ ಇರ್ಲಿ. ಸುಲಾಯ್ ಕಣಿವೆಗೇ ಕರ್ಕೊಂಡು ಹೋಗು. ನಾಳೆ ಬೆಳಿಗ್ಗೆ ದಾರಿ ನೋಡ್ಕೊಂಡು ಬರೋದಾದ್ರೂ ಅಲ್ಲೇ ನೋಡು. ಸುಂಬ್ರೀವಾ ಕಡೆ ತಲೆ ಹಾಕಿ ಮಲಗ್ಲೂ ಬೇಡ' ಎಂದು ನಾನು ಹೇಳಿದೆನೋ ಇಲ್ಲವೋ? ಆ ವಕೀಲೆಯ ಮುಂದೆ ಇದನ್ನು ಹೇಳಿದೆಯಾ? ಇಲ್ಲ. ಪುಸ್ತಕದ ಸುಳ್ಳು ಹೇಳಲು ಬಾಯಿ ಬಂತು, ಈ ನಿಜ ಹೇಳಲು ಬರಲಿಲ್ಲ.

ಐವತ್ನಾಲ್ಕು ವರ್ಷದ ಗಂಡಸು ನೀನು. ಇಪ್ಪತ್ತೆಂಟು ವರ್ಷ ಜನರ ಜೀವ ಹೆಗಲ ಮೇಲೆ ಹೊತ್ತು ತಿರುಗಿದವನು. ಸಕ್ಕರೆ ಹಿಮ ಎಂದರೇನು ಎಂದು ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಹಿಂದಿನ ವಾರ ನೀನೊಬ್ಬನೇ ಸುಂಬ್ರೀವಾದಲ್ಲಿ ಇಳಿದು ಬಂದಿದ್ದೆಯಂತೆ, ಏನೂ ಆಗಲಿಲ್ಲವಂತೆ, ಅದನ್ನು ನಿನ್ನ ಕಾಗದದಿಂದ ತಿಳಿದೆ. ಒಂದು ಸಲ ಏನೂ ಆಗಲಿಲ್ಲ ಎಂದರೆ ಬೆಟ್ಟ ನಿನಗೆ ಬರೆದುಕೊಟ್ಟಿತೇ? ನಿನ್ನ ಅತಿಥಿಯೊಬ್ಬ ಹೀಗೆ ಮಾತಾಡಿದ್ದರೆ ನೀನೇ ಅವನ ಸ್ಕೀ ಕಿತ್ತುಕೊಂಡು ಕೆಳಗೆ ಕಳಿಸುತ್ತಿದ್ದೆ.

ನಿನ್ನ ಭಾವನ ಮೇಲೂ ಅಷ್ಟೇ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಪಾದ್ರಿಗಳು ತಿಥಿಯೂಟದಲ್ಲಿ ಎರಡು ಸಲ ಹೇಳಿದರು. ಇಟ್ಟುಕೊಳ್ಳುತ್ತೇನೆ, ಏನು ಮಾಡುತ್ತಾರೆ? ನಾನು ಅಷ್ಟೆಲ್ಲ ಕೂಗಾಡಿದಾಗ ನಿಕುಲಿನ್ 'ಆಯ್ತು ಮಾರಾಯ್ತಿ, ಆಯ್ತು' ಎಂದು ಸೂಪಿನ ಬಟ್ಟಲು ಮುಂದೆ ಚಾಚಿದ. ಆ 'ಆಯ್ತು' ಯಾರಿಗೆ ಹೇಳಿದ್ದು, ನನಗೋ ನಿನಗೋ? ಮರಗೆಲಸದವನು ಅವನು, ಒಂದು ಮೊಳೆ ಹೊಡೆಯಲು ಮೂರು ಸಲ ಅಳೆಯುವ ಮನುಷ್ಯ. ನಿನ್ನ ಹಿಂದೆ ಹೊರಟನೆಂದರೆ ಮಾತ್ರ ಹತ್ತು ವರ್ಷದ ಹುಡುಗ ಆಗಿಬಿಡುತ್ತಿದ್ದ. ನಿನ್ನ ನಗುವಿನ ಮುಂದೆ ನನ್ನ ಮಾತಿಗೆ ಈ ಮನೆಯಲ್ಲಿ ಯಾವತ್ತು ಬೆಲೆ ಇತ್ತು?

ಇನ್ನೊಂದು ಸುಳ್ಳಿನ ವಿಷಯ. ಆಸ್ಪತ್ರೆಯಿಂದ ನೀನು ಎಲ್ಲರಿಗೂ ಹೇಳಿ ಕಳಿಸಿದ್ದೀಯ: ಅಕ್ಕನಿಗೆ ನಿಕುಲಿನ್ ಬಂಡೆಗೆ ಬಡಿದು ಆ ಕ್ಷಣವೇ ಹೋದ ಅಂತ ಹೇಳಿ, ನೋವು ತಿನ್ನಲಿಲ್ಲ ಅಂತ ಹೇಳಿ. ಊರಿಗೆ ಊರೇ ಹೇಳಿತು. ಪಾದ್ರಿಗಳು ಹೇಳಿದರು, ಬೇಕರಿಯವಳು ಹೇಳಿದಳು. ನಾನೂ ಆರು ದಿನ ನಂಬಿದೆ. ಆಮೇಲೆ ಅವನ ಮೈ ತೊಳೆದು ಬಟ್ಟೆ ಉಡಿಸಿದ್ದು ನೆನಪಾಯಿತು. ತಲೆಯಲ್ಲಿ ಗಾಯ ಇರಲಿಲ್ಲ, ಒಂದು ತರಚು ಸಹ.

ಕಳೆದ ವಾರ ಶ್ಟೈವನ್ ಮೇಲೆ ಬಂದಿದ್ದ. ರಕ್ಷಣಾ ತಂಡದ ಮುಖ್ಯಸ್ಥ ಎಂದು ಅವನೂ ಹೇಳಿಕೆ ಕೊಡಬೇಕಲ್ಲ, ಸಮಯ ಸರಿಯಾಗಿದೆಯೇ ಎಂದು ನನ್ನ ಹತ್ತಿರ ತಾಳೆ ನೋಡಲು ಬಂದಿದ್ದ. ಬಾರ್ಲಿ ಸೂಪು ಬಡಿಸಿ ಎದುರಿಗೆ ಕೂತೆ. 'ಬಾಯಿ ಮುಂದೆ ಮಂಜುಗಡ್ಡೆ ಕಟ್ಟಿತ್ತಾ?' ಎಂದು ಕೇಳಿದೆ. ಅವನು ಚಮಚ ಕೆಳಗಿಟ್ಟ. 'ನೇಸಾ, ಅದೆಲ್ಲ ಯಾಕೆ ಈಗ' ಎಂದ. 'ಕಟ್ಟಿತ್ತಾ ಇಲ್ವಾ?' ಎಂದೆ. 'ಕಟ್ಟಿತ್ತು' ಎಂದ. 'ಎಷ್ಟು ದಪ್ಪ?' ಅವನು ಹೆಬ್ಬೆರಳು ತೋರುಬೆರಳು ಒಂದಿಷ್ಟು ಅಗಲಿಸಿ ತೋರಿಸಿದ.

ಬಂಡೆಗೆ ಬಡಿದು ಸತ್ತವನ ಬಾಯಿಯ ಮುಂದೆ ಮಂಜುಗಡ್ಡೆ ಕಟ್ಟುವುದಿಲ್ಲ. ಅದು ಉಸಿರಿನಿಂದ ಕಟ್ಟುವುದು. ಬೆಚ್ಚನೆಯ ಉಸಿರು ಹಿಮಕ್ಕೆ ತಾಗಿ ತಾಗಿ ಕರಗಿ ಮತ್ತೆ ಹೆಪ್ಪುಗಟ್ಟುವುದು. ಬೆರಳಗಲ ಕಟ್ಟಬೇಕಾದರೆ ಅರ್ಧ ಗಂಟೆಯಾದರೂ ಬೇಕು. ಅಷ್ಟು ಹೊತ್ತು ಅವನು ನಾಲ್ಕಡಿ ಹಿಮದ ಕೆಳಗೆ ಉಸಿರಾಡಿಕೊಂಡು ನಮಗಾಗಿ ಕಾಯುತ್ತಿದ್ದ. ನೀನು ಹನ್ನೆರಡು ಮೀಟರ್ ದೂರದಲ್ಲಿ ಎದೆಮಟ್ಟ ಹೂತು, ಬಲಗೈ ಮುರಿದುಕೊಂಡು, ಕಿರುಚುತ್ತಿದ್ದೆ. ಆ ಹೊತ್ತನ್ನು ನೀನು ಹೇಗೆ ಕಳೆದೆಯೆಂದು ನಾನು ಕೇಳುವುದಿಲ್ಲ. ಅದನ್ನು ನೆನೆದರೆ ನಿನ್ನನ್ನು ತಬ್ಬಿಕೊಳ್ಳಬೇಕು ಎನಿಸುತ್ತದೆ, ಮರುಕ್ಷಣವೇ ನಿನ್ನ ಇನ್ನೊಂದು ಕೈಯನ್ನೂ ಮುರಿಯಬೇಕು ಎನಿಸುತ್ತದೆ. ನನಗೆ ಸುಳ್ಳು ಹೇಳಿಸಿದ್ದೇಕೆ? ಇಪ್ಪತ್ತಮೂರು ವರ್ಷ ಹಿಮ ಅಳೆದವಳಿಗೆ ಈ ಲೆಕ್ಕ ಬರುವುದಿಲ್ಲವೆಂದು ತಿಳಿದೆಯಾ? ಅಥವಾ ಲೆಕ್ಕ ಬಂದರೆ ಮುಂದಿನ ಪ್ರಶ್ನೆಯೂ ಬರುತ್ತದೆ ಎಂದು ಹೆದರಿದೆಯಾ?

ಬಂದಿದೆ. ಈಗ ಪುಸ್ತಕಕ್ಕೆ ಬರೋಣ.

ಅಪ್ಪ ಬದುಕಿರುವವರೆಗೆ ಒಂದು ದಿನವೂ ಬಿಡಾರದ ಪುಸ್ತಕ ಮುಟ್ಟಲಿಲ್ಲ. 'ಅದು ಬಯಲುಸೀಮೆಯೋರಿಗೆ' ಎನ್ನುತ್ತಿದ್ದರು. ಹೊರಗಿನವರು ಬೆಳಿಗ್ಗೆ ಹೊರಡುವ ಮುಂಚೆ ಹೆಸರು, ಹೋಗುವ ಜಾಗ, ಬರುವ ಹೊತ್ತು ಬರೆದಿಟ್ಟು ಹೋಗಬೇಕು. ನಮ್ಮ ಕಣಿವೆಯ ಮಾರ್ಗದರ್ಶಿ ಬರೆದರೆ ಅದು ನಾಚಿಕೆಗೇಡು. ನೀನೂ ಬರೆಯಲಿಲ್ಲ, ಯಾರೂ ಬರೆಯಲಿಲ್ಲ. ಪರ್ವತ ಸಂಘದವರು ಖಾಲಿ ಪುಟ ನೋಡಿ ತಕರಾರು ತೆಗೆದ ಮೇಲೆ ನಿಮ್ಮೆಲ್ಲರ ಪರವಾಗಿ ನಾನೇ ಬರೆಯತೊಡಗಿದೆ. ಯಾರು ಎತ್ತ ಹೋದರೆಂದು ಮಾತಿನ ಮಧ್ಯೆ ಕಿವಿಗೆ ಬೀಳುತ್ತಿತ್ತು, ಅದನ್ನೇ ಬರೆಯುತ್ತಿದ್ದೆ. ನಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದ್ದು ಒಬ್ಬರೇ ಮೇಷ್ಟ್ರು, ಹಾಗಾಗಿ ಎರಡು ಬರಹವನ್ನು ಪಕ್ಕದಲ್ಲಿಟ್ಟರೂ ವಕೀಲೆಗೆ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ಅದನ್ನೇ ನೀನು ನೆಚ್ಚಿಕೊಂಡಿರುವುದು.

ಹದಿನಾರನೇ ತಾರೀಕು ಬೆಳಿಗ್ಗೆ ನೀವಿಬ್ಬರೂ ಎಲ್ಲಿಗೆ ಎಂದು ನನಗೆ ಹೇಳಲಿಲ್ಲ. ಹೇಳಿದ್ದರೆ ಬೈಗುಳ ಬೀಳುತ್ತದೆ ಎಂದು ಸುಮ್ಮನೆ ಹೊರಟಿರಿ. ನಾನು ಹಿಟ್ಟು ನಾದುತ್ತಿದ್ದೆ. ಬಾಗಿಲು ಹಾಕಿಕೊಂಡ ಸದ್ದಾಯಿತು. ಕೈ ಒರೆಸಿಕೊಂಡು ಪುಸ್ತಕ ತೆರೆದು ಬರೆದೆ: 'ಕುರ್ದಿನ್, ನಿಕುಲಿನ್. ಸುಲಾಯ್ ಕಣಿವೆ. ಹನ್ನೊಂದಕ್ಕೆ ವಾಪಸು.' ಹಿಂದಿನ ದಿನ ಅಷ್ಟು ಹೇಳಿದ್ದೆನಲ್ಲ, ನನ್ನ ಮಾತು ಕೇಳಿರುತ್ತಾರೆ ಎಂದು ಒಳಗೊಳಗೇ ಬೀಗಿದೆ. ನೀವು ಹೋದ ಜಾಗವನ್ನಲ್ಲ, ಹೋಗಿ ಎಂದು ನಾನು ಹೇಳಿದ ಜಾಗವನ್ನು ಬರೆದೆ.

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹಿಮ ಕುಸಿದ ಸದ್ದು ಕೇಳಿತು. ಬೆಟ್ಟದ ನೆತ್ತಿಗೆ ಮೋಡ ಕವಿದಿತ್ತು, ಆಚೆಯದೋ ಈಚೆಯದೋ ಕಣ್ಣಿಗೆ ಕಾಣುವಂತಿರಲಿಲ್ಲ. ರೇಡಿಯೋದಲ್ಲಿ ನಿಮ್ಮನ್ನು ಕರೆದೆ, ಉತ್ತರ ಇಲ್ಲ. ಶ್ಟೈವನ್‌ಗೆ ಫೋನ್ ಮಾಡಿದೆ. ಎಲ್ಲಿಗೆ ಹೋಗಿದ್ದಾರೆ ಎಂದು ಕೇಳಿದ. ಪುಸ್ತಕ ಎಳೆದುಕೊಂಡು ನನ್ನ ಬರಹವನ್ನೇ ನಾನು ಓದಿ ಹೇಳಿದೆ, ವೇದವಾಕ್ಯ ಓದಿದ ಹಾಗೆ. ಹೆಲಿಕಾಪ್ಟರ್ ಹನ್ನೆರಡು ನಿಮಿಷದಲ್ಲಿ ಬಂತು. ಸುಲಾಯ್ ಕಡೆ ಇಳಿಯಿತು. ಅಲ್ಲಿ ಹಿಂದಿನ ದಿನ ಬಿಸಿಲಿಗೆ ಜಾರಿದ ಹಿಮದ ರಾಶಿ ಬಿದ್ದಿತ್ತು, ಅದನ್ನೇ ಹೊಸದೆಂದುಕೊಂಡು ನಾಯಿ ಬಿಟ್ಟರು, ಉದ್ದನೆಯ ಕಡ್ಡಿ ಚುಚ್ಚಿ ಚುಚ್ಚಿ ಹುಡುಕಿದರು. ಹೂತವರ ಸುಳಿವು ಕೊಡಲೆಂದು ನಿಕುಲಿನ್‌ನ ಎದೆಗೆ ಕಟ್ಟಿದ್ದ ಯಂತ್ರ ಬೆಟ್ಟದ ಆಚೆ ಬದಿಯಲ್ಲಿ ಬಡಿದುಕೊಳ್ಳುತ್ತಿತ್ತು, ಯಾರಿಗೆ ಕೇಳಬೇಕು? ಮೋಡ ಸರಿದು ನಿನ್ನ ಸೀಟಿ ಕೇಳಿಸುವ ಹೊತ್ತಿಗೆ ಹತ್ತು ಗಂಟೆ ಆಗಿತ್ತು. ಅವನನ್ನು ಹೊರಗೆ ತೆಗೆದದ್ದು ಹತ್ತೂ ಕಾಲಿಗೆ.

ಮೋಡದ ಅಡಿಯಲ್ಲೇ, ಕೆಳಗಿನ ಹಳ್ಳದಿಂದ ಸುಂಬ್ರೀವಾಕ್ಕೆ ಹಾರಲು ಹೆಲಿಕಾಪ್ಟರ್‌ಗೆ ದಾರಿ ತೆರೆದೇ ಇತ್ತಂತೆ. ನೇರ ಹೋಗಿದ್ದರೆ ಒಂಬತ್ತೂವರೆಗೆಲ್ಲ ಅವನ ತಲೆಯ ಮೇಲೆ ನಿಂತಿರುತ್ತಿದ್ದರು. ಆಗ ಅವನು ಉಸಿರಾಡುತ್ತಿದ್ದ.

ಆದ್ದರಿಂದ ತಿಳಿದುಕೋ ಕುರ್ದಿನ್. ಅವನನ್ನು ಹಿಮದೊಳಗೆ ಕರೆದುಕೊಂಡು ಹೋದವನು ನೀನು. ಅವನನ್ನು ಅಲ್ಲೇ ಬಿಟ್ಟವಳು ನಾನು. ನಿನ್ನ ತಪ್ಪು ನಿನಗೆ ಸಾಲದೆಂದು ನನ್ನದನ್ನೂ ಕಸಿದುಕೊಳ್ಳಲು ಬಂದಿದ್ದೀಯಲ್ಲ, ನಿನಗೆ ಯಾರು ಕೊಟ್ಟರು ಆ ಹಕ್ಕು? ಚಿಕ್ಕವನಿದ್ದಾಗ ಅಮ್ಮನ ಗಾಜಿನ ಹೂಜಿಯನ್ನು ನಾನು ಒಡೆದರೆ ನೀನು ಏಟು ತಿಂದಿದ್ದೆ, ಆಮೇಲೆ ಒಂದು ವರ್ಷ ಅದನ್ನು ಹೇಳಿಕೊಂಡು ನನ್ನ ಪಾಲಿನ ಬಾದಾಮಿ ಮಿಠಾಯಿ ತಿಂದಿದ್ದೆ. ಇದು ಹೂಜಿಯಲ್ಲ. ಇದಕ್ಕಾಗಿ ನೀನು ಏಟು ತಿಂದರೆ ನಾನು ಈ ಬಿಡಾರದಲ್ಲಿ ಕೂತು ಮುಂದಿನ ಇಪ್ಪತ್ತು ವರ್ಷ ಆ ಪುಸ್ತಕದಲ್ಲಿ ಬರೆಯುತ್ತ ಇರಬೇಕು. ನನ್ನ ಕೈ ಕಂಡರೆ ನನಗೇ ಹೇಸಿಗೆಯಾಗುತ್ತದೆ.

ಸಹಿ ಹಾಕುವುದಿಲ್ಲ. ಬಿಡಾರ ಹೋದರೆ ಹೋಗಲಿ. ಸಂಘದವರು ಬೇರೆ ಯಾರನ್ನಾದರೂ ಇಟ್ಟುಕೊಳ್ಳುತ್ತಾರೆ, ಬರುವವರಿಗೆ ಅವರೂ ಸೂಪು ಬಡಿಸುತ್ತಾರೆ. ನಿನ್ನ ಬಿಲ್ಲೆ ಹೋಗಬೇಕೋ ಬೇಡವೋ ಅದನ್ನು ಸುಂಬ್ರೀವಾಕ್ಕೆ ಕಾಲಿಟ್ಟದ್ದಕ್ಕೆ ಮಾತ್ರ ತೀರ್ಮಾನ ಮಾಡಲಿ, ನನ್ನ ಬರಹಕ್ಕಲ್ಲ. ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕಾಗದದ ಕೊನೆಗೆ ಕೇಳಿದ್ದೀಯ. ಇಲ್ಲ. ಮುಂದೆ ಎಂದಾದರೂ ಕ್ಷಮಿಸುತ್ತೇನೆಯೇ, ಅದೂ ಗೊತ್ತಿಲ್ಲ. ಆದರೆ ನಿನ್ನ ಕೈಗೆ ಹಾಕಿದ ಪಟ್ಟಿ ಬಿಚ್ಚಿದ ಮೇಲೆ ಬಿಸಿನೀರಲ್ಲಿ ಬೆರಳು ಆಡಿಸುತ್ತಿರಬೇಕು, ಸೋಮಾರಿತನ ಮಾಡಿದರೆ ಹಿಡಿ ಬಿಗಿಯಲು ಬರುವುದಿಲ್ಲ. ಇದನ್ನು ಪ್ರೀತಿ ಎಂದು ತಿಳಿಯಬೇಡ. ನಿನ್ನ ಎಡಗೈ ಬರಹ ಓದಿ ಓದಿ ನನ್ನ ಕಣ್ಣು ನೋಯುತ್ತಿದೆ, ಅದಕ್ಕೆ ಹೇಳಿದೆ.

ಇಂತಿ,
ನಿನ್ನ ಅಕ್ಕ
ನೇಸಾ

ಮರೆತು ಆಮೇಲೆ ಬರೆಯುತ್ತಿರುವುದಲ್ಲ. ಸಹಿಯ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೋಮವಾರದವರೆಗೆ ನಾನು ಕಾಯಲಿಲ್ಲ. ಇವತ್ತು ಬೆಳಿಗ್ಗೆ ವಕೀಲೆಗೆ ಫೋನ್ ಮಾಡಿ ಬರಹ ನನ್ನದೆಂದು ಹೇಳಿದೆ. ಅದರ ಜೊತೆಗೆ ಶ್ಟೈವನ್ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದನ್ನೂ ಹೇಳಿದೆ. ನೀನು ಅದನ್ನು ಬೇರೆಯವರ ಬಾಯಿಂದ ಕೇಳಬಾರದು. ಆ ದಿನ ಫೋನಿನಲ್ಲಿ ಅವನು ಎರಡನೇ ಸಲ ಕೇಳಿದ: 'ಪುಸ್ತಕದಲ್ಲಿರೋದು ಇರ್ಲಿ ನೇಸಾ, ಅವ್ರೇ ಬಾಯಿಬಿಟ್ಟು ಹೇಳಿ ಹೋದ್ರಾ? ಸುಂಬ್ರೀವಾಕ್ಕೂ ನಾಲ್ಕು ಜನ ಕಳಿಸ್ಲಾ?' ಬೆಳಿಗ್ಗೆ ನಿಕುಲಿನ್ ನನ್ನ ಮುಖ ನೋಡದೆ ಬೂಟು ಕಟ್ಟಿಕೊಂಡು ಹೋದದ್ದು ಕಣ್ಣಮುಂದೆ ಬಂತು. ಆಗಲೇ ನನಗೆ ಗೊತ್ತಾಗಿತ್ತು ಕುರ್ದಿನ್. ಆದರೆ ನನ್ನ ಗಂಡ, ನನ್ನ ತಮ್ಮ ನನಗೊಂದು ಮಾತು ಹೇಳದೆ ಹೋದರೆಂದು ಊರಿನವನ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. 'ಹೇಳೇ ಹೋದ್ರು, ನನ್ನ ಕಿವಿಯಾರೆ ಕೇಳಿದೀನಿ. ಅಲ್ಲಿಗೆ ಯಾರ್ನೂ ಕಳಿಸ್ಬೇಡ' ಎಂದೆ.